ನಕಾಶೆಯಲ್ಲಿ ಕೇರಿ ಎಲ್ಲಿ? – ಒಂದು ಶಾಲಾ ವರದಿಯ ನೆಪದಲ್ಲಿ

ಹೋದ ತಿಂಗಳು ಒಂದು ಭಾನುವಾರ ಸಂಜೆ ಅಕ್ಕನ ಮಗಳು ಫೋನ್ ಮಾಡಿದ್ಲು. ಒಂಬತ್ತನೇ ಕ್ಲಾಸು. ಕೋಲಾರದ ಹತ್ತಿರದ ನಮ್ಮೂರಲ್ಲೇ ಓದ್ತಾಳೆ. ಧ್ವನಿ ಇಳಿದುಹೋಗಿತ್ತು.

“ಮಾಮ, ಭೂಗೋಳದ ಕ್ಷೇತ್ರ ಅಧ್ಯಯನದ ವರದಿ ಬರೀತಿದ್ದೀನಿ. ‘ನಮ್ಮೂರಿನ ಕೆರೆ ಮತ್ತು ಜನವಸತಿ’ ಅಂತ. ಕರಡು ನೋಡಿ ಮೇಷ್ಟ್ರು ಒಂದು ಪುಟಕ್ಕೆ ಕೆಂಪು ಗೀಟು ಹಾಕಿದ್ರು. ‘ಇದು ಜಾತಿ ವಿಷಯ ಕಣಮ್ಮ, ಭೂಗೋಳ ಅಲ್ಲ, ತೆಗೆದುಬಿಡು’ ಅಂದ್ರು.”

ಆ ಪುಟದ ಫೋಟೋ ಕಳಿಸು ಅಂದೆ. ಬಂತು. ಅದರಲ್ಲಿ ಇದ್ದದ್ದು ಇಷ್ಟೇ: “ನಮ್ಮೂರಿನಲ್ಲಿ ಎರಡು ಭಾಗಗಳಿವೆ. ಊರು ಮತ್ತು ಕೇರಿ. ಊರು ಮೇಲಿದೆ. ಕೇರಿ ಕೆಳಗಿದೆ. ಊರಿನ ಚರಂಡಿ ನೀರು ಕೇರಿಯ ಮುಂದೆ ಹರಿಯುತ್ತದೆ.”

ಒಂದು ಬೈಗುಳ ಇಲ್ಲ, ಒಂದು ಜಾತಿ ಹೆಸರೂ ಇಲ್ಲ. ಇರೋದನ್ನ ಇದ್ದ ಹಾಗೆ ಬರೆದಿದ್ದಾಳೆ. ಅದಕ್ಕೇ ಗೀಟು.

ಮೇಷ್ಟ್ರು ಕೆಟ್ಟವರಲ್ಲ, ಅದನ್ನೂ ಹೇಳಿಬಿಡ್ತೀನಿ. ಮಕ್ಕಳನ್ನ ಕರಕೊಂಡು ಕೆರೆ ಏರಿ ಮೇಲೆ ನಡೆದವರು, ತೂಬು ತೋರಿಸಿದವರು, ಕೋಡಿ ಯಾಕೆ ಬೇಕು ಅಂತ ವಿವರಿಸಿದವರು. ಕೇರಿ ಹತ್ತಿರ ಬಂದಾಗ ಮಾತ್ರ ಅವರ ಭೂಗೋಳ ನಿಂತುಹೋಯ್ತು. ಇದು ಒಬ್ಬ ಮೇಷ್ಟ್ರ ಕತೆ ಅಲ್ಲ. ಇನ್ನೂರು ವರ್ಷಗಳಿಂದ ನಮ್ಮ ಊರುಗಳನ್ನ ಅಳೆದವರು, ಬರೆದವರು ಬಹುಪಾಲು ಅದೇ ಜಾಗದಲ್ಲಿ ನಿಂತಿದ್ದಾರೆ. ಇವತ್ತು ಆ ಚರಿತ್ರೆ ಹೇಳೋಣ ಅಂತ.

ಅದಕ್ಕೂ ಮುಂಚೆ ನನ್ನದೊಂದು ತಪ್ಪೊಪ್ಪಿಗೆ.

1994ರಲ್ಲಿ ನಾನೂ ಒಂಬತ್ತನೇ ಕ್ಲಾಸಲ್ಲಿ ಇಂಥದ್ದೇ ವರದಿ ಬರೆದಿದ್ದೆ. ‘ನಮ್ಮ ಗ್ರಾಮ’ ಅಂತ. ಅದರಲ್ಲಿ ಕೇರಿ ಬಿಡು ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೇ ಬಿಟ್ಟಿದ್ದೆ. “ಊರಿನ ಮಧ್ಯೆ ಒಂದು ಸಿಹಿನೀರಿನ ಬಾವಿ ಇದೆ. ಗ್ರಾಮಸ್ಥರೆಲ್ಲರೂ ಈ ನೀರನ್ನು ಕುಡಿಯುತ್ತಾರೆ” ಅಂತ ಚಂದದ ಅಕ್ಷರದಲ್ಲಿ ಬರೆದಿದ್ದೆ. ಆ ಬಾವಿಗೆ ನಮ್ಮವ್ವ ಒಂದು ದಿನ ಕೊಡ ಇಳಿಸಿದವಳಲ್ಲ. ಕಟ್ಟೆಯಿಂದ ದೂರ ನಿಂತು, ಯಾರಾದರೂ ಸೇದಿ ಹುಯ್ಯಲಿ ಅಂತ ಕಾದವಳು. ನನಗೆ ಇಪ್ಪತ್ತಕ್ಕೆ ಹದಿನೆಂಟು ಬಂತು. ಆ ವರದಿ ಅವ್ವನಿಗೆ ಓದಿ ಹೇಳೋ ಧೈರ್ಯ ಮಾತ್ರ ಬರಲಿಲ್ಲ.

ಹಾಗಾಗಿ ಈ ಹುಡುಗಿಯ ಫೋನ್ ಬಂದಾಗ ನನಗೆ ಸಿಟ್ಟಿಗಿಂತ ಮುಂಚೆ ನಾಚಿಕೆ ಆಯ್ತು. ನಾನು ಬರೆಯಲಾಗದ ನಾಲ್ಕು ವಾಕ್ಯ ಅವಳು ಬರೆದಿದ್ದಾಳೆ.

ಈಗ ಚರಿತ್ರೆಗೆ ಬರೋಣ. ಊರನ್ನ ಮೊದಲು ಅಳೆದವರು ಯಾರು?

ಎಡ್ಗರ್ ಥರ್ಸ್ಟನ್ ಅನ್ನೋ ಬ್ರಿಟಿಷ್ ಅಧಿಕಾರಿ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದ. ಅದರಲ್ಲಿ ಹೊಲೆಯರ ಬಗ್ಗೆ ಬರೆಯುವಾಗ, ಮೈಸೂರು ಸೀಮೆಯ ಒಂದು ಹಳೇ ಪದ್ಧತಿ ದಾಖಲಾಗಿದೆ. ಎರಡು ಊರಿನ ನಡುವೆ ಗಡಿ ತಕರಾರು ಬಂದರೆ ತೀರ್ಮಾನ ಹೇಳುವವನು ಪಟೇಲನೂ ಅಲ್ಲ, ಶಾನುಭೋಗನೂ ಅಲ್ಲ. ಹೊಲೆಯರ ಕುಳವಾಡಿ. ಅವನು ಊರಿನ ಮಣ್ಣಿನ ಉಂಡೆಯನ್ನ, ನಡುವೆ ನೀರು ಹಾಕಿ, ತಲೆ ಮೇಲೆ ಹೊತ್ತು ಎಲ್ಲೆಯ ಉದ್ದಕ್ಕೂ ನಡೀಬೇಕು. ಸರಿಯಾದ ಗೆರೆ ಮೇಲೆ ನಡೆದರೆ ಉಂಡೆ ಹಾಗೇ ಇರುತ್ತೆ. ಗೆರೆ ತಪ್ಪಿದರೆ ಉಂಡೆ ತಾನಾಗಿ ಒಡೀತದೆ, ಕುಳವಾಡಿ ಹದಿನೈದು ದಿನದಲ್ಲಿ ಸಾಯ್ತಾನೆ ಅಂತ ನಂಬಿಕೆ.

ಇದನ್ನ ಓದಿದಾಗೆಲ್ಲ ನನಗೆ ಎರಡು ಅನ್ನಿಸುತ್ತೆ. ಒಂದು, ಹೆಮ್ಮೆ. ಊರಿನ ಎಲ್ಲೆ ಗೊತ್ತಿದ್ದದ್ದು ನಮ್ಮವರಿಗೆ. ಇನ್ನೊಂದು, ಸಂಕಟ. ಎಲ್ಲೆ ತಪ್ಪಿದರೆ ಪ್ರಾಣ ಹೋಗೋದೂ ನಮ್ಮವರದ್ದೇ. ಊರಿನ ಗಡಿ ಹೇಳೋಕೆ ಬೇಕಾದವನಿಗೆ ಊರಿನ ಒಳಗೆ ಮನೆ ಇರಲಿಲ್ಲ.

ನೀರಿನ ವಿಷಯಕ್ಕೂ ಇದೇ ಮಾತು. ಕೋಲಾರ ಸೀಮೆಯಲ್ಲಿ ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ಲ. ಪಾಲಾರ್ ಹೆಸರಿಗೆ ನದಿ, ಕಣ್ಣಿಗೆ ಮರಳು. ಹಾಗಾಗಿ ಬದುಕೆಲ್ಲ ಕೆರೆ ಮೇಲೆ. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದ್ದು ಇನ್ನೊಂದಕ್ಕೆ, ಹೀಗೆ ಸರಪಳಿ. ಈ ಕೆರೆಗಳ ತೂಬು ಎತ್ತುವವನು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನಿರ್ಧರಿಸುವವನು ನೀರಗಂಟಿ. ನಮ್ಮ ಕಡೆ ಹೆಚ್ಚಿನ ಊರುಗಳಲ್ಲಿ ನೀರಗಂಟಿ ದಲಿತನೇ. ನಮ್ಮ ತಾತ ನೀರಗಂಟಿ. ಮಳೆ ನೋಡಿ, ಏರಿ ಮೇಲೆ ಕೂತು, ಈ ಸಲ ಭತ್ತ ಇಡಬಹುದಾ, ರಾಗಿಗೆ ಮಾತ್ರ ಸಾಕಾ ಅಂತ ಹೇಳ್ತಿದ್ದ. ಗೌಡರು ಆ ಮಾತಿಗೆ ಕಾಯ್ತಿದ್ದರು. ಆದರೆ ಊರ ನಡುವಿನ ಬಾವಿ ಅವನಿಗೂ ಇರಲಿಲ್ಲ. ಸಾವಿರ ಗದ್ದೆಗೆ ನೀರು ಹಂಚಿದ ಕೈ ಕುಡಿಯೋ ನೀರಿಗೆ ಬೊಗಸೆ ಒಡ್ಡಬೇಕಿತ್ತು.

ಈ ಸೇವೆಗೆ ಪ್ರತಿಯಾಗಿ ಇನಾಮು ಜಮೀನು ಇತ್ತು. ತೋಟಿ, ತಳವಾರ, ನೀರಗಂಟಿ ಈ ವಂಶಪಾರಂಪರ್ಯ ಹುದ್ದೆಗಳೆಲ್ಲ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹೋದವು. ಕಾಯ್ದೆ ಜಾರಿಗೆ ಬಂದದ್ದು 1963ರಲ್ಲಿ. ಬಿಟ್ಟಿ ಚಾಕರಿ ಹೋದದ್ದು ಒಳ್ಳೇದೇ. ಆದರೆ ಜಮೀನನ್ನ ಹೆಸರಿಗೆ ಮಾಡಿಸಿಕೊಳ್ಳೋಕೆ ಅರ್ಜಿ, ದುಡ್ಡು, ತಾಲ್ಲೂಕಾಫೀಸಿನ ಓಡಾಟ ಬೇಕಿತ್ತು. ನಮ್ಮ ತಾತನ ಜಮೀನು ಯಾವುದೋ ಸಾಲದ ಕಾಗದದ ಹೆಬ್ಬೆಟ್ಟಿನಲ್ಲಿ ಹೋಯ್ತು. ಇದನ್ನ ಓದ್ತಿರೋ ಎಷ್ಟೋ ಜನರ ಮನೆಯಲ್ಲೂ ಇದೇ ಕತೆ ಇರುತ್ತೆ.

ಇನ್ನು ಕಾಗದದ ಮೇಲಿನ ಅಳತೆ. ಟಿಪ್ಪು ಬಿದ್ದದ್ದು 1799ರ ಮೇ ತಿಂಗಳು. ಯುದ್ಧ ಮುಗಿದ ಮೇಲೆ ಕಂಪನಿ ತಡಮಾಡಲಿಲ್ಲ. ಕಾಲಿನ್ ಮೆಕೆಂಜಿಗೆ ಮೈಸೂರಿನ ಸರ್ವೆ ವಹಿಸಿತು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ ಬೆಳೆ, ಮಣ್ಣು, ಕೂಲಿ, ಜಾತಿ ಎಲ್ಲ ಬರೆದುಕೊಂಡ. ಅದೇ ವರ್ಷ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಸರಪಳಿ ಹಾಸಿ ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಶುರುವಾದ ಅವನ ಕೆಲಸವೇ ಮುಂದೆ ಹಿಮಾಲಯದವರೆಗೂ ಹೋಗಿ ಇಡೀ ದೇಶದ ನಕಾಶೆ ಆಯ್ತು. ಗೆದ್ದವರಿಗೆ ಗೆದ್ದ ನೆಲದಲ್ಲಿ ಏನೇನಿದೆ ಅಂತ ಗೊತ್ತಾಗಬೇಕಿತ್ತು. ಭೂಗೋಳ ನಮ್ಮ ಕಡೆ ಬಂದದ್ದೇ ಆಳುವವರ ಕೆಲಸಕ್ಕೆ.

1863ರಲ್ಲಿ ಮೈಸೂರಲ್ಲಿ ಕಂದಾಯ ಸರ್ವೆ ಶುರುವಾಯ್ತು. ಹೊಲಗಳಿಗೆಲ್ಲ ಸರ್ವೆ ನಂಬರ್ ಬಂತು. ಖುಷ್ಕಿ, ತರಿ, ಬಾಗಾಯ್ತು, ಖರಾಬು ಅಂತ ಭಾಗ ಆಯ್ತು. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಈ ಲೆಕ್ಕ ಇವತ್ತಿಗೂ ನಮ್ಮ ಪಹಣಿಯಲ್ಲಿ ಇದೆ. ಆದರೆ ನಿಮ್ಮೂರಿನ ಗ್ರಾಮ ನಕಾಶೆ ತೆಗೆದು ಒಮ್ಮೆ ನೋಡಿ. ಪ್ರತಿ ಹೊಲಕ್ಕೂ ಗೆರೆ ಇದೆ, ಹಳ್ಳಕ್ಕೆ ಗೆರೆ ಇದೆ, ಬಂಡಿದಾರಿಗೆ ಚುಕ್ಕಿ ಇದೆ. ಜನ ಇರೋ ಜಾಗಕ್ಕೆ ಮಾತ್ರ ‘ಗ್ರಾಮಠಾಣ’ ಅಂತ ಬರೆದು ಬಿಟ್ಟಿದ್ದಾರೆ. ಒಳಗೆ ಯಾರ ಮನೆ ಎಲ್ಲಿ, ಎಷ್ಟು ಜಾಗ, ಏನೂ ಇಲ್ಲ. ಕಂದಾಯ ಹೊಲದಿಂದ ಬರೋದು, ಮನೆಯಿಂದ ಅಲ್ಲ. ಹಾಗಾಗಿ ಸರ್ಕಾರಕ್ಕೆ ಹೊಲ ಬೇಕಿತ್ತು, ಮನೆ ಬೇಕಿರಲಿಲ್ಲ. ಗ್ರಾಮಠಾಣದ ಮನೆಗಳನ್ನ ಡ್ರೋನ್ ಹಾರಿಸಿ ಅಳೆಯೋ ಸ್ವಾಮಿತ್ವ ಯೋಜನೆ ಬಂದದ್ದು 2020ರಲ್ಲಿ.

ಶಾಲೆಯಲ್ಲಿ ತೋರಿಸೋ ಸರ್ವೆ ಆಫ್ ಇಂಡಿಯಾ ಸ್ಥಳಾಕೃತಿ ನಕಾಶೆಯ ಅಳತೆ 1:50,000. ಅಂದರೆ ನೆಲದ ಮೇಲಿನ ಒಂದು ಕಿಲೋಮೀಟರ್ ಕಾಗದದ ಮೇಲೆ ಎರಡು ಸೆಂಟಿಮೀಟರ್. ನಮ್ಮ ಊರಿಗೂ ಕೇರಿಗೂ ನಡುವೆ ಸುಮಾರು 200 ಮೀಟರ್. ನಕಾಶೆಯಲ್ಲಿ ಅದು 4 ಮಿಲಿಮೀಟರ್. ಪೆನ್ಸಿಲ್ ಮೊನೆಯಲ್ಲಿ ಮುಚ್ಚಿಹೋಗುತ್ತೆ. ಆ 4 ಮಿಲಿಮೀಟರ್ ದಾಟೋಕೆ ನಮ್ಮವರಿಗೆ ಎಷ್ಟು ತಲೆಮಾರು ಬೇಕಾಯ್ತು ಅನ್ನೋದನ್ನ ಯಾವ ಅಳತೆಗೋಲು ತೋರಿಸುತ್ತೆ?

ಅಳೆದವರ ಕತೆ ಇದು. ಬರೆದವರ ಕತೆ ಬೇರೆ. 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಅನ್ನೋ ಕಂಪನಿ ಅಧಿಕಾರಿ ಭಾರತದ ಹಳ್ಳಿಗಳು ಪುಟ್ಟ ಗಣರಾಜ್ಯಗಳು ಅಂತ ಬರೆದ. ಆ ಮಾತು ನಮ್ಮ ದೇಶದ ದೊಡ್ಡವರಿಗೆಲ್ಲ ಬಹಳ ಹಿಡಿಸಿತು. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನ ಸಭೆಯ ಮುಂದಿಟ್ಟ ಬಾಬಾಸಾಹೇಬರು ಇದೇ ಮೆಟ್ಕಾಫನ ಮಾತನ್ನ ಎತ್ತಿಕೊಂಡು, ಈ ಹಳ್ಳಿಗಳು ಸಂಕುಚಿತತನದ, ಅಜ್ಞಾನದ, ಕೋಮುವಾದದ ಗೂಡುಗಳು ಅಂತ ನೇರವಾಗಿ ಹೇಳಿದರು. ಸಭೆಯಲ್ಲಿ ಎಷ್ಟೋ ಜನರಿಗೆ ಸಿಟ್ಟು ಬಂತು. ಹಳ್ಳಿಯನ್ನ ಯಾವ ಬೀದಿಯಲ್ಲಿ ನಿಂತು ನೋಡ್ತೀರಿ ಅನ್ನೋದರ ಮೇಲೆ ಅದು ಗಣರಾಜ್ಯವೋ ಗೂಡೋ ಅನ್ನೋದು ತೀರ್ಮಾನ ಆಗುತ್ತೆ.

ಅದೇ 1948ರಲ್ಲಿ ಎಂ.ಎನ್. ಶ್ರೀನಿವಾಸ್ ಮೈಸೂರು ಹತ್ತಿರದ ಒಂದು ಹಳ್ಳಿಗೆ ಹೋಗಿ ಕೂತರು. ಅದಕ್ಕೆ ‘ರಾಂಪುರ’ ಅಂತ ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿ, ವರ್ಷಗಟ್ಟಲೆ ಸಿದ್ಧ ಮಾಡಿದ ಟಿಪ್ಪಣಿಗಳು ಸುಟ್ಟವು. ನೆನಪಿನಿಂದಲೇ ಪುಸ್ತಕ ಬರೆದು 1976ರಲ್ಲಿ ತಂದರು. ಇಡೀ ಜಗತ್ತಿನಲ್ಲಿ ಕ್ಷೇತ್ರಕಾರ್ಯಕ್ಕೆ ಮಾದರಿ ಅಂತ ಓದೋ ಪುಸ್ತಕ ಅದು. ತಾನು ನೋಡಿದ್ದು ಮೇಲ್ಜಾತಿಯ ನೋಟದ ಹಳ್ಳಿ ಅಂತ ಅವರೇ ಅದರಲ್ಲಿ ಒಪ್ಪಿಕೊಂಡಿದ್ದಾರೆ. ಊರ ಯಜಮಾನನ ಆಶ್ರಯದಲ್ಲಿದ್ದವರಿಗೆ ಕೇರಿಗೆ ಹೋಗಿ ಕೂರೋದು ಸಲೀಸಾಗಿರಲಿಲ್ಲ. ಒಪ್ಪಿಕೊಂಡ ಪ್ರಾಮಾಣಿಕತೆಗೆ ಗೌರವ ಇದೆ. ಆದರೆ ಅಷ್ಟು ದೊಡ್ಡ ವಿದ್ವಾಂಸರಿಗೇ ಹೀಗಾದರೆ ನಮ್ಮ ಹೈಸ್ಕೂಲ್ ಮೇಷ್ಟ್ರನ್ನ ಏನಂತ ಬೈಯೋದು?

1948ರದ್ದೇ ಇನ್ನೊಂದು ಸಂಗತಿ ಇದೆ. ಬಾಬಾಸಾಹೇಬರ ‘ದಿ ಅನ್‌ಟಚಬಲ್ಸ್’ ಪ್ರಕಟವಾದದ್ದು ಆ ವರ್ಷ. ಆ ಪುಸ್ತಕದಲ್ಲಿ ಅವರು ಎತ್ತೋ ಒಂದು ಮುಖ್ಯ ಪ್ರಶ್ನೆ: ಅಸ್ಪೃಶ್ಯರು ಊರ ಹೊರಗೆ ಯಾಕೆ ಇದ್ದಾರೆ? ಮೊದಲು ಒಳಗಿದ್ದು ಆಮೇಲೆ ಹೊರಹಾಕಿದ್ದಾ, ಮೊದಲಿಂದಲೂ ಹೊರಗೇ ಇದ್ದದ್ದಾ? ಅವರ ಉತ್ತರ, ಮೊದಲಿಂದಲೂ ಹೊರಗೆ. ಯುದ್ಧದಲ್ಲಿ ಸೋತು ಚದುರಿದ ಬುಡಕಟ್ಟಿನ ಜನ ನೆಲೆಯೂರಿದವರ ಊರಿನ ಅಂಚಿನಲ್ಲಿ ಕಾವಲಿಗೆ ನಿಂತರು, ಅಸ್ಪೃಶ್ಯತೆ ಆಮೇಲೆ ಬಂತು ಅಂತ. ಆ ಉತ್ತರವನ್ನ ಒಪ್ಪಬಹುದು, ಬಿಡಬಹುದು, ವಿದ್ವಾಂಸರು ಇನ್ನೂ ಚರ್ಚೆ ಮಾಡ್ತಾನೇ ಇದ್ದಾರೆ. ನನಗೆ ಮುಖ್ಯ ಅನ್ನಿಸೋದು ಆ ಪ್ರಶ್ನೆ. ಜನ ಎಲ್ಲಿ ನೆಲೆಸಿದ್ದಾರೆ, ಯಾಕೆ ಅಲ್ಲೇ ನೆಲೆಸಿದ್ದಾರೆ? ‘ಜನವಸತಿ’ ಅನ್ನೋ ಪಾಠದಲ್ಲಿ ಮಕ್ಕಳಿಗೆ ಕೇಳೋ ಪ್ರಶ್ನೆ ಇದೇ ಅಲ್ವಾ? ನದಿ ಬಯಲಲ್ಲಿ ಯಾಕೆ ಜನ ಜಾಸ್ತಿ, ಬೆಟ್ಟದಲ್ಲಿ ಯಾಕೆ ಕಮ್ಮಿ ಅಂತ ಕೇಳಿದರೆ ಭೂಗೋಳ. ತಗ್ಗಲ್ಲಿ ಯಾಕೆ ಕೇರಿ ಅಂತ ಕೇಳಿದರೆ ಜಾತಿ ವಿಷಯ!

ಇದನ್ನೆಲ್ಲ ಹುಡುಗಿಗೆ ಫೋನಲ್ಲಿ ಒಂದು ಗಂಟೆ ಹೇಳಿದೆ. ಬರಕೋ ಅಂತ ನಾನೇ ಎರಡು ಪುಟ ಹೇಳಿಬರೆಸಿದೆ. ಶೋಷಣೆ, ಮನುವಾದ, ಶತಮಾನಗಳ ಅನ್ಯಾಯ ಎಲ್ಲ ಬಂತು. ಅವಳು ಕೇಳಿಸಿಕೊಂಡು ಕೊನೆಗೆ ಅಂದ್ಲು:

“ಮಾಮ, ಇದು ಭಾಷಣ ಆಯ್ತು. ಇದು ವರದಿ. ಅಳತೆ ಬೇಕು.”

ಸುಮ್ಮನಾದೆ. ಅವಳು ಹೇಳಿದ್ದು ಸರಿ. ಕ್ಷೇತ್ರ ಅಧ್ಯಯನದ ವರದಿಗೆ ಒಂದು ಕ್ರಮ ಇದೆ: ಉದ್ದೇಶ, ಅಧ್ಯಯನ ಪ್ರದೇಶ, ವಿಧಾನ, ಮಾಹಿತಿ, ವಿಶ್ಲೇಷಣೆ, ತೀರ್ಮಾನ. ತೀರ್ಮಾನ ಕೊನೆಗೆ ಬರಬೇಕು. ನಾವು ಹೋರಾಟದವರು ಅದನ್ನ ಮೊದಲೇ ಬರೆದು ಆಮೇಲೆ ಊರಿಗೆ ಹೋಗೋದು.

ಮುಂದಿನ ಭಾನುವಾರ ನಾನೇ ಊರಿಗೆ ಹೋದೆ. ನಮ್ಮ ಭಾವ ಗಾರೆ ಕೆಲಸದವರು. ಅವರ ಹತ್ತಿರ ಲೆವೆಲ್ ಪೈಪು ಇದೆ. ನೀರು ತುಂಬಿದ ಪಾರದರ್ಶಕ ಪೈಪು, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಊರಿನ ದೇವಸ್ಥಾನದ ಮುಂದಿನಿಂದ ಶುರು ಮಾಡಿ ಅಪ್ಪ ಒಂದು ತುದಿ, ಮಗಳು ಒಂದು ತುದಿ ಹಿಡಿದು ಇಳೀತಾ ಬಂದರು. ನಾನು ಲೆಕ್ಕ ಬರ್ಕೊಂಡೆ. ದೇವಸ್ಥಾನದ ಬೀದಿಗಿಂತ ನಮ್ಮ ಕೇರಿಯ ಮೊದಲ ಮನೆ ಹನ್ನೊಂದು ಅಡಿ ತಗ್ಗು. ಹೊಸ ಸಿಮೆಂಟ್ ಚರಂಡಿಯೂ ಅದೇ ಇಳಿಜಾರಲ್ಲಿ ಬರುತ್ತೆ, ನಮ್ಮ ಕೇರಿ ಮುಂದೆ ಸಿಮೆಂಟ್ ಮುಗಿಯುತ್ತೆ. ಓವರ್‌ಹೆಡ್ ಟ್ಯಾಂಕ್ ವಾಲ್ವ್ ಎಷ್ಟು ಹೊತ್ತಿಗೆ ಯಾವ ಬೀದಿಗೆ ತಿರುಗುತ್ತೆ ಅಂತ ಅವಳು ಒಂದು ವಾರ ಗಡಿಯಾರ ಹಿಡಿದು ಬರೆದಿಟ್ಟಿದ್ದಳು. ಊರಿಗೆ ಒಂದೂವರೆ ಗಂಟೆ, ನಮಗೆ ಮುಕ್ಕಾಲು ಗಂಟೆ. ಅಂದಹಾಗೆ ವಾಲ್ವ್ ತಿರುಗಿಸೋ ಪಂಚಾಯ್ತಿ ಕೆಲಸದವನಿಗೆ ಜನ ಇವತ್ತಿಗೂ ಕರೆಯೋದು ನೀರಗಂಟಿ ಅಂತಲೇ.

ಕೆರೆಯ ಭಾಗವನ್ನೂ ಅವಳು ಚೆನ್ನಾಗಿ ಬರೆದಿದ್ದಾಳೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತದಲ್ಲಿ ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡ್ತಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಇಲ್ಲಿಯ ರೈತರು ಮೊದಲಿಂದಲೂ ಕೇಳ್ತಿದ್ದಾರೆ. ಮೇಲಿನವರ ಕೊಳೆ ತಗ್ಗಿನವರ ಕಡೆ ಹರಿಯೋದು ಈಗ ಇಡೀ ಜಿಲ್ಲೆಗೇ ಅನುಭವ ಆಗಿದೆ. ಊರಿನವರು ಕೂಡ ಈಗ ‘ಇದು ಅನ್ಯಾಯ’ ಅಂತಾರೆ. ಹೌದು, ಅನ್ಯಾಯವೇ.

ಅಳತೆ ಮುಗೀತು ಅಂತ ಪೈಪು ಸುತ್ತೋಕೆ ಹೊರಟೆ. ಅವಳು ಬಿಡಲಿಲ್ಲ. “ಇನ್ನೂ ಇದೆಯಲ್ಲ ಮಾಮ, ಆ ಕಡೆ” ಅಂದ್ಲು.

ಆ ಕಡೆ ಅಂದರೆ ಮಾದಿಗರ ಕೇರಿ. ನಮ್ಮ ಕೇರಿಯಿಂದಾಚೆ, ಹಳ್ಳದ ಪಕ್ಕ. ನಾನು ಹುಟ್ಟಿದ್ದು ಹೊಲೆಯರ ಕೇರಿಯಲ್ಲಿ. ಇಪ್ಪತ್ತು ವರ್ಷ ಹೋರಾಟದಲ್ಲಿ ಇದ್ದೀನಿ, ವೇದಿಕೆ ಮೇಲೆ ‘ನಾವೆಲ್ಲ ಒಂದೇ’ ಅಂದಿದ್ದೀನಿ. ಆದರೆ ಅವತ್ತು ನನ್ನ ಕೈಯಲ್ಲಿದ್ದ ಕಚ್ಚಾ ನಕಾಶೆಯಲ್ಲಿ ‘ಕೇರಿ’ ಅಂತ ಒಂದೇ ಚೌಕ ಇತ್ತು. ಅದನ್ನ ಬರೆದದ್ದು ನಾನು. ಗೀಟು ಹಾಕಿದ ಮೇಷ್ಟ್ರಿಗೂ ನನಗೂ ಏನು ವ್ಯತ್ಯಾಸ ಉಳೀತು?

ಮತ್ತೆ ಪೈಪು ಬಿಚ್ಚಿದೆವು. ನಮ್ಮ ಕೇರಿಗಿಂತ ಇನ್ನೂ ಮೂರೂವರೆ ಅಡಿ ತಗ್ಗು. ನಮ್ಮ ಕೇರಿ ಚರಂಡಿಯೂ ಸೇರಿ ಅಲ್ಲಿಗೇ ಹೋಗುತ್ತೆ. ನಲ್ಲಿ ನೀರು ಇಪ್ಪತ್ತೈದು ನಿಮಿಷ. ಒಳಮೀಸಲಾತಿ ಬಗ್ಗೆ ನಮ್ಮ ಗುಂಪುಗಳಲ್ಲಿ ರಾತ್ರಿಯಿಡೀ ಜಗಳ ಆಡ್ತೀವಲ್ಲ, ಮಾತಾಡೋ ಮುಂಚೆ ಒಂದು ದಿನ ಒಂದು ಲೆವೆಲ್ ಪೈಪು ಹಿಡಿದು ನಮ್ಮ ಕೇರಿಯಿಂದ ಕೆಳಕ್ಕೆ ನಡೀಬೇಕು ಅಂತ ನನಗನ್ನಿಸ್ತು. ಯಾರಿಗೆ ನೋವಾದರೂ ಆಗಲಿ, ಹೇಳಲೇಬೇಕಾದ ಮಾತು ಇದು.

ಅವತ್ತು ರಾತ್ರಿ ಅವಳಿಗೆ ಒಂದು ಕತೆ ಹೇಳಿದೆ. 1855ರಲ್ಲಿ ಪುಣೆಯಲ್ಲಿ, ಫುಲೆ ದಂಪತಿಯ ಶಾಲೆಯಲ್ಲಿ ಮುಕ್ತಾ ಅಂತ ಒಬ್ಬ ಹುಡುಗಿ ಓದ್ತಿದ್ದಳು. ಮಾಂಗ್ ಜಾತಿಯವಳು. ವಯಸ್ಸು 14, ಇವಳಷ್ಟೇ. ಮಾಂಗ್ ಮತ್ತು ಮಹಾರರ ದುಃಖದ ಬಗ್ಗೆ ಒಂದು ನಿಬಂಧ ಬರೆದಳು. ಅದು ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯ್ತು. ತನ್ನ ಜನರನ್ನ ನೆಲದಿಂದ ಓಡಿಸಿ ದೊಡ್ಡ ಕಟ್ಟಡ ಕಟ್ಟಿದ್ದು, ಬುನಾದಿಯಲ್ಲಿ ಜೀವಂತ ಹೂತದ್ದು, ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆಂಗಸರು ಹೆರೋದು, ಎಲ್ಲ ಬರೆದಳು. ವೇದ ತಮ್ಮದು ಮಾತ್ರ ಅನ್ನೋದಾದರೆ ನಮಗೆ ಯಾವ ಧರ್ಮ ಅಂತ ಕೇಳಿದಳು. ಶಾಲೆಯಲ್ಲಿ ಓದ್ತಿದ್ದ ಒಂದು ಹುಡುಗಿ ಬರೆದ ನಿಬಂಧ ಅದು. 170 ವರ್ಷ ಆಗ್ತಾ ಬಂದರೂ ಇನ್ನೂ ಓದ್ತಿದ್ದೀವಿ. ಅವಳ ಶಾಲೆಯಲ್ಲಿ ಆ ಪುಟಕ್ಕೆ ಗೀಟು ಬೀಳಲಿಲ್ಲ, ಯಾಕಂದರೆ ಅಲ್ಲಿ ಇದ್ದವರು ಜೋತಿಬಾ ಮತ್ತು ಸಾವಿತ್ರಿಬಾಯಿ.

ಕತೆ ಕೇಳಿ ಅವಳು ಏನೂ ಅನ್ನಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಆ ಪುಟವನ್ನ ಹೊಸದಾಗಿ ಬರೆದಿದ್ದಾಳೆ. ನಾಲ್ಕು ಸಾಲಿನ ಬದಲು ಒಂದು ಪಟ್ಟಿ, ಒಂದು ಅಡ್ಡಸೀಳು ಚಿತ್ರ. ಮೇಲೆ ದೇವಸ್ಥಾನದ ಬೀದಿ, ಕೆಳಗೆ ಕೇರಿ, ಇನ್ನೂ ಕೆಳಗೆ ಎರಡನೇ ಕೇರಿ, ಕೊನೆಗೆ ಹಳ್ಳ. ಒಂದೊಂದಕ್ಕೂ ತಗ್ಗು ಎಷ್ಟು ಅಡಿ, ನೀರು ಎಷ್ಟು ನಿಮಿಷ, ಚರಂಡಿ ಯಾವ ದಿಕ್ಕಿಗೆ. ತೀರ್ಮಾನದಲ್ಲಿ ಒಂದೇ ವಾಕ್ಯ: “ನಮ್ಮೂರಿನ ಜನವಸತಿ ಇಳಿಜಾರಿನ ಪ್ರಕಾರ ಇದೆ, ಇಳಿಜಾರು ಜಾತಿಯ ಪ್ರಕಾರ ಹಂಚಿಕೆಯಾಗಿದೆ.”

“ಇದನ್ನ ತೆಗಿ ಅಂದ್ರೆ?” ಅಂತ ಕೇಳಿದೆ.

“ಅಳತೆ ತಪ್ಪು ಅಂತ ತೋರಿಸಿದ್ರೆ ತೆಗೀತೀನಿ” ಅಂದ್ಲು.

ಮೊನ್ನೆ ವರದಿ ಕೊಟ್ಟಿದ್ದಾಳೆ. ಮೇಷ್ಟ್ರು ಪುಟ ತಿರುವಿ, ಆ ಚಿತ್ರದ ಹತ್ತಿರ ನಿಂತು, “ಲೆವೆಲ್ ಹೆಂಗೆ ನೋಡಿದೆ?” ಅಂತ ಕೇಳಿದರಂತೆ. ಪೈಪಿನ ವಿಷಯ ಹೇಳಿದಳಂತೆ. ಅವರು ಮತ್ತೇನೂ ಹೇಳದೆ ಇಟ್ಟುಕೊಂಡಿದ್ದಾರೆ. ಅಂಕ ಇನ್ನೂ ಬಂದಿಲ್ಲ. ಕಮ್ಮಿ ಬರಬಹುದು ಅಂತ ಅಕ್ಕನಿಗೆ ಹೆದರಿಕೆ ಇದೆ, ನನಗೂ ಇದೆ. ಬಂದರೂ ಆ ಪ್ರತಿ ನಮ್ಮ ಮನೆಯಲ್ಲಿ ಇರುತ್ತೆ. ಅಕ್ಕ ಅದನ್ನ ಅವ್ವನಿಗೆ ಓದಿ ಹೇಳಿದಳಂತೆ. ಬಾವಿಯ ವಿಷಯ ಬರೆದ ಕಡೆ ಅವ್ವ “ಇನ್ನೊಂದ್ಸಲ ಓದು” ಅಂದಳಂತೆ.

ಗೆಳೆಯರೇ, ಕೊನೆಗೆ ಒಂದು ವಿನಂತಿ. ಪ್ರತಿ ವರ್ಷ ನಮ್ಮ ಮಕ್ಕಳಿಗೆ ಪ್ರಾಜೆಕ್ಟ್, ಕ್ಷೇತ್ರ ಅಧ್ಯಯನ ಅಂತ ಕೊಡ್ತಾರೆ. ನಾವು ಅಂಗಡಿಯಲ್ಲಿ ಚಾರ್ಟು ತಂದುಕೊಟ್ಟು, ನೆಟ್‌ನಲ್ಲಿ ಚಿತ್ರ ಪ್ರಿಂಟ್ ತೆಗೆದುಕೊಟ್ಟು ಕೈ ತೊಳ್ಕೊಳ್ತೀವಿ. ಹಾಗೆ ಮಾಡಬೇಡಿ. ಒಂದು ಭಾನುವಾರ ಬಿಡುವು ಮಾಡ್ಕೊಳ್ಳಿ. ಮಗುವಿನ ಜೊತೆ ಕೇರಿಯಿಂದ ಶಾಲೆಗೆ ಎಷ್ಟು ಹೆಜ್ಜೆ, ಸ್ಮಶಾನಕ್ಕೆ ದಾರಿ ಇದೆಯಾ, ನಲ್ಲಿ ನೀರು ಎಷ್ಟು ಹೊತ್ತು, ಬೀದಿ ದೀಪ ಎಲ್ಲಿಗೆ ಮುಗಿಯುತ್ತೆ ಅಂತ ಅಳೆದು ಬರೆಸಿ. ತಾತನ ಇನಾಮು ಜಮೀನಿನ ಸರ್ವೆ ನಂಬರ್ ಹುಡುಕಿಸಿ. ನಿಮ್ಮ ಕೇರಿಯಿಂದ ಕೆಳಗೆ ಇನ್ನೊಂದು ಕೇರಿ ಇದ್ದರೆ ಅಲ್ಲಿಗೂ ಹೋಗಿ. ಭಾಷಣ ಬೇಡ, ಅಳತೆ ಸಾಕು.

ಬರೆದದ್ದರ ಒಂದು ಪ್ರತಿ ಎತ್ತಿಡಿ. ಕೆಳಗೆ ಕಾಮೆಂಟಿನಲ್ಲಿ ನಿಮ್ಮೂರಿನ ನಕಾಶೆಯನ್ನೂ ಹಾಕಿ, ನೋಡೋಣ.

ಜೈಭೀಮ್.